ಸಂಕಟದ ಮುಂದೆ ಕ್ರೈಸ್ತ ಧರ್ಮ: ತರ್ಕ, ಪ್ರಲಾಪ, ಸಂಗೀತ

ದೇವರು ಸರ್ವಶಕ್ತ, ದೇವರು ಪ್ರೀತಿಸ್ವರೂಪಿ. ಈ ಎರಡು ನಂಬಿಕೆಗಳನ್ನು ಒಟ್ಟಿಗೆ ಇಟ್ಟುಕೊಂಡ ಕೂಡಲೇ ಕ್ರೈಸ್ತ ಚಿಂತನೆಯಲ್ಲಿ ಸಂಕಟವೆಂಬುದು ಸಮಸ್ಯೆಯಾಗುತ್ತದೆ. ಎರಡೂ ನಿಜವಾದರೆ ತೊಟ್ಟಿಲ ಕೂಸು ಜ್ವರ ಬಂದು ಸಾಯುವುದೇಕೆ? ಭಾರತದಲ್ಲಿ ಇಂಥ ಪ್ರಶ್ನೆ ಎದ್ದಾಗ ಕರ್ಮಸಿದ್ಧಾಂತ ಕೈಗೆಟುಕುವ ದೂರದಲ್ಲೇ ಇರುತ್ತದೆ. ಈ ಜನ್ಮದಲ್ಲಿ ಕಾಣದ ಕಾರಣ ಹಿಂದಿನ ಜನ್ಮದಲ್ಲಿ ಇದ್ದೀತು ಎಂದುಕೊಳ್ಳಬಹುದು. ಕ್ರೈಸ್ತ ಧರ್ಮಕ್ಕೆ ಹಿಂದಿನ ಜನ್ಮವೆಂಬುದಿಲ್ಲ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಇವನ ಹೆತ್ತವರದೋ ಎಂದು ಕೇಳುತ್ತಾರೆ. ಯೇಸು ಎರಡನ್ನೂ ಒಪ್ಪುವುದಿಲ್ಲ. ಪಾಪಕ್ಕೂ ನೋವಿಗೂ ನೇರ ಲೆಕ್ಕ ಹಾಕುವ ಸುಲಭದ ದಾರಿ ಅಲ್ಲಿಗೆ ಮುಚ್ಚಿತು. ಆ ದಾರಿಯಲ್ಲೇ ನಡೆದ ಪ್ರಸಂಗಿಗಳು ಆಮೇಲೂ ಬೇಕಾದಷ್ಟು ಜನ ಸಿಗುತ್ತಾರೆ, ಆ ಮಾತು ಬೇರೆ.

ಈ ಸಮಸ್ಯೆಯನ್ನು ತತ್ತ್ವಶಾಸ್ತ್ರ ಎದುರಿಸಿದ್ದು ಕಾರಣ ಹುಡುಕುವ ಮೂಲಕ. ಲೋಕದಲ್ಲಿ ಕೇಡು ಏಕಿದೆ, ಅದಿದ್ದೂ ದೇವರು ನ್ಯಾಯವಂತನಾಗಿರುವುದು ಹೇಗೆ ಎಂದು ಅದು ವಾದಿಸಿತು. ಆರಾಧನೆಯ ಪರಂಪರೆ ದೇವರ ಮುಂದೆಯೇ ನಿಂತು ದೂರು ಹೇಳುವ ಹಕ್ಕನ್ನು ಉಳಿಸಿಕೊಂಡಿತು. ಸಂಗೀತ ಎರಡಕ್ಕೂ ಒದಗಿತು. ಆದರೂ ಅದರ ಒಡನಾಟ ಹೆಚ್ಚಾಗಿ ದೂರಿನ ಜೊತೆಗೇ. ವಾದ ಬದಿಗೆ ಸರಿಸಿದ ದುಃಖವನ್ನು ಮತ್ತೆ ಮತ್ತೆ ಚರ್ಚಿನೊಳಕ್ಕೆ ಕರೆತಂದದ್ದು ಹಾಡು.

ಇದರ ಬೇರು ಹೀಬ್ರೂ ಗ್ರಂಥಗಳಲ್ಲಿದೆ. ಯೋಬನ ಗ್ರಂಥದಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಬಳಿಗೆ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಬಾಯಿ ತೆರೆದ ಮೇಲೆ ಮೂವರೂ ದೇವರ ವಕೀಲರಾಗಿಬಿಡುತ್ತಾರೆ: ನೀನು ಏನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ. ಯೋಬ ಒಪ್ಪುವುದಿಲ್ಲ, ದೇವರನ್ನೇ ಕಟಕಟೆಗೆ ಕರೆಯುತ್ತಾನೆ. ಕೊನೆಗೆ ಬಿರುಗಾಳಿಯೊಳಗಿಂದ ಮಾತನಾಡುವ ದೇವರು ಯೋಬನ ಪ್ರಶ್ನೆಗೆ ಉತ್ತರವನ್ನಂತೂ ಕೊಡುವುದಿಲ್ಲ. ಆದರೆ ತನ್ನ ಪರವಾಗಿ ವಾದಿಸಿದ ಗೆಳೆಯರು ಸರಿಯಾದುದನ್ನು ಹೇಳಲಿಲ್ಲ, ತನ್ನ ಮೇಲೆ ದೂರು ಹೊರಿಸಿದ ಯೋಬನೇ ಹೇಳಿದ ಎಂದು ತೀರ್ಪು ಕೊಡುತ್ತಾನೆ. ಧರ್ಮಗ್ರಂಥವೊಂದು ತನ್ನ ದೇವರ ಸಮರ್ಥಕರನ್ನೇ ಹೀಗೆ ತಳ್ಳಿಹಾಕುವುದು ಅಪರೂಪ.

ಕೀರ್ತನೆಗಳ ಗ್ರಂಥದಲ್ಲಿ 150 ಪದ್ಯಗಳಿವೆ. ಅವುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವು ಅಳಲಿನ ಹಾಡುಗಳು. ಬಹುಪಾಲು ಅಳಲು ಕೊನೆಗೆ ಸ್ತುತಿಯತ್ತ ತಿರುಗುತ್ತದೆ. 88ನೆಯ ಕೀರ್ತನೆ ಮಾತ್ರ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ತಿದ್ದಲಿಲ್ಲ, ಕೈಬಿಡಲೂ ಇಲ್ಲ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೇನೆ ಜೆರುಸಲೇಮನ್ನು ಹಾಳುಗೆಡವಿದ ಮೇಲೆ ಹುಟ್ಟಿದ ‘ಪ್ರಲಾಪಗಳು’ ಗ್ರಂಥದ ಕಟ್ಟಡ ಇನ್ನೂ ಕುತೂಹಲದ್ದು. ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಸಾಗುತ್ತವೆ. ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರರಂತೆ 66 ವಚನಗಳು. ಐದನೆಯ ಅಧ್ಯಾಯದಲ್ಲೂ 22 ವಚನಗಳಿವೆ, ಆದರೆ ಅಕ್ಷರಕ್ರಮ ಕಳಚಿಬಿದ್ದಿದೆ. ಅಳತೆಯಿಲ್ಲದ ದುಃಖಕ್ಕೆ ಒಂದು ಅಳತೆ ಕಟ್ಟಿಕೊಡುವುದು, ಕೊನೆಯಲ್ಲಿ ಆ ಕಟ್ಟನ್ನೂ ಸಡಿಲ ಬಿಡುವುದು: ಆಮೇಲಿನ ಸಂಗೀತಗಾರರು ಮಾಡಿದ್ದೂ ಬಹುಮಟ್ಟಿಗೆ ಇದನ್ನೇ.

ಮತ್ತಾಯ ಮತ್ತು ಮಾರ್ಕರ ಸುವಾರ್ತೆಗಳ ಪ್ರಕಾರ ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲನ್ನು, ದೇವರು ತನ್ನನ್ನು ಏಕೆ ಕೈಬಿಟ್ಟನೆಂಬ ಪ್ರಶ್ನೆಯನ್ನು. ದೇವರ ಮಗನೆಂದು ನಂಬಲಾದವನ ಬಾಯಲ್ಲೇ ಈ ದೂರು ಬಂದಿರುವುದರಿಂದ ಕ್ರೈಸ್ತ ಧರ್ಮಕ್ಕೆ ಪ್ರಲಾಪವನ್ನು ಅವಿಶ್ವಾಸವೆಂದು ತಳ್ಳಲು ಬರುವುದಿಲ್ಲ. ಹಾಗಿದ್ದೂ ಗ್ರೀಕ್ ತತ್ತ್ವಶಾಸ್ತ್ರದ ನೆರಳಿನಲ್ಲಿ ಬೆಳೆದ ಧರ್ಮಶಾಸ್ತ್ರ ಈ ಕೂಗಿನ ಮುಂದೆ ಶತಮಾನಗಳ ಕಾಲ ಮುಜುಗರಪಟ್ಟಿತು. ದೇವರು ನಿರ್ವಿಕಾರ, ಅವನಿಗೆ ನೋವು ತಟ್ಟದು ಎಂಬುದು ಆ ತತ್ತ್ವದ ಅಡಿಗಲ್ಲು.

ಈ ಎಳೆದಾಟ ಮೊದಲು ಒಬ್ಬ ವ್ಯಕ್ತಿಯೊಳಗೆ ಕಾಣಸಿಗುವುದು ಸಂತ ಅಗಸ್ಟೀನನಲ್ಲಿ. ಕೇಡಿಗೆ ಸ್ವಂತ ಅಸ್ತಿತ್ವವಿಲ್ಲ, ಕತ್ತಲೆ ಬೆಳಕಿನ ಅಭಾವವಾಗಿರುವಂತೆ ಅದು ಒಳಿತಿನ ಅಭಾವ ಎಂಬ ವಾದವನ್ನು ಪಾಶ್ಚಾತ್ಯ ಕ್ರೈಸ್ತ ಚಿಂತನೆಯಲ್ಲಿ ನೆಲೆಗೊಳಿಸಿದವನು ಅವನು. 387ರಲ್ಲಿ ರೋಮಿನ ಬಂದರಾದ ಓಸ್ಟಿಯಾದಲ್ಲಿ ಅವನ ತಾಯಿ ಮೋನಿಕಾ ತೀರಿಕೊಂಡಳು. ‘ಕನ್ಫೆಷನ್ಸ್’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಆ ದಿನದ ವಿವರವಿದೆ. ತಾಯಿ ದೇವರ ಬಳಿ ಸೇರಿದ ಮೇಲೆ ಅಳುವುದು ಸಲ್ಲದೆಂದು ಅವನು ಕಣ್ಣೀರನ್ನು ಬಲವಂತವಾಗಿ ತಡೆದ. ಗೋಳಾಡಿದ ಮಗ ಅದಿಯೊದಾತನನ್ನು ಹಿರಿಯರು ಸುಮ್ಮನಾಗಿಸಿದರು. ಗೆಳೆಯ ಎವೋದಿಯಸ್ ಕೀರ್ತನೆಗಳ ಪುಸ್ತಕ ಕೈಗೆತ್ತಿಕೊಂಡು ಹಾಡತೊಡಗಿದ, ಮನೆಮಂದಿ ದನಿಗೂಡಿಸಿದರು. ಸಮಾಧಿಯ ಬಳಿಯೂ ಅಗಸ್ಟೀನ್ ಅಳಲಿಲ್ಲ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆಂದು ಕೇಳಿದ್ದರಿಂದ ಸ್ನಾನಗೃಹಕ್ಕೆ ಹೋದ, ಇಳಿಯಲಿಲ್ಲ. ಮಲಗಿ ಎದ್ದಾಗ, ಮಿಲಾನಿನ ಬಿಷಪ್ ಆಂಬ್ರೋಸನು ರಚಿಸಿದ ಸಂಜೆಯ ಸ್ತೋತ್ರವೊಂದು ನೆನಪಿಗೆ ಬಂತು. ಅದರ ಬೆನ್ನಿಗೇ ತಾಯಿಯ ನೆನಪು ಉಕ್ಕಿ ಅತ್ತ. ತತ್ತ್ವ ಕಟ್ಟಿದ್ದ ಅಣೆಕಟ್ಟನ್ನು ಒಡೆದದ್ದು ಒಂದು ಹಾಡು. ಮುಂದಿನ ಭಾಗದಲ್ಲಿ ಇದೇ ಅಗಸ್ಟೀನ್, ಚರ್ಚಿನ ಗಾಯನದಲ್ಲಿ ಅರ್ಥಕ್ಕಿಂತ ನಾದವೇ ತನ್ನನ್ನು ಸೆಳೆದರೆ ಅದು ಪಾಪವಲ್ಲವೇ ಎಂದು ಚಡಪಡಿಸುತ್ತಾನೆ. ಎರಡೂ ಮಾತು ಅವನಲ್ಲಿ ಪ್ರಾಮಾಣಿಕವಾಗಿವೆ.

ಅಗಸ್ಟೀನನ ನಂತರ ನೂರು ವರ್ಷ ಕಳೆಯುವಷ್ಟರಲ್ಲಿ ಬೊಯಿಥಿಯಸ್ ಬರುತ್ತಾನೆ. ಕ್ರೈಸ್ತ, ತತ್ತ್ವಶಾಸ್ತ್ರಜ್ಞ, ಸಂಗೀತಶಾಸ್ತ್ರಕಾರ ಮೂರೂ ಆಗಿದ್ದ ಈ ರೋಮನ್ ಕುಲೀನ 510ರಲ್ಲಿ ಕಾನ್ಸಲ್ ಪದವಿಗೇರಿದ. ಸಂಗೀತವನ್ನು ಬ್ರಹ್ಮಾಂಡದ ಸಂಗೀತ, ಮನುಷ್ಯನೊಳಗಿನ ಸಂಗೀತ, ವಾದ್ಯಗಳ ಸಂಗೀತ ಎಂದು ಮೂರಾಗಿ ವಿಂಗಡಿಸಿದ ಅವನ ಗ್ರಂಥ ಮಧ್ಯಯುಗದ ಉದ್ದಕ್ಕೂ ಪಠ್ಯವಾಗಿತ್ತು. ಥಿಯೊಡೊರಿಕ್ ದೊರೆಯ ಆಸ್ಥಾನದಲ್ಲಿ ರಾಜದ್ರೋಹದ ಆರೋಪ ಹೊತ್ತು ಸೆರೆಬಿದ್ದ ಅವನನ್ನು 524ರ ಸುಮಾರಿಗೆ ಕೊಲ್ಲಲಾಯಿತು. ಸೆರೆಯಲ್ಲಿ ಬರೆದದ್ದು ‘ತತ್ತ್ವದ ಸಾಂತ್ವನ’. ಅದರ ಮೊದಲಲ್ಲೇ ತತ್ತ್ವವೆಂಬ ಹೆಂಗಸು ಪ್ರತ್ಯಕ್ಷಳಾಗಿ, ಕೈದಿಯ ಮಂಚದ ಬಳಿ ಶೋಕಗೀತೆ ಬರೆಸುತ್ತಿದ್ದ ಕಾವ್ಯದೇವತೆಗಳನ್ನು ಗದರಿಸಿ ಅಟ್ಟುತ್ತಾಳೆ. ಅವರು ರೋಗಕ್ಕೆ ಸಕ್ಕರೆ ಬೆರೆಸಿದ ವಿಷ ಉಣಿಸುವವರು ಎಂಬುದು ಅವಳ ಆಕ್ಷೇಪ. ಆಮೇಲೆ ಅದೃಷ್ಟಚಕ್ರದ ಚಂಚಲತೆ, ನಿಜವಾದ ಸುಖದ ನೆಲೆ, ದೇವರ ಮುನ್ನರಿವು ಎಂದು ಒಂದೊಂದೇ ವಾದ ಮುಂದಿಡುತ್ತಾಳೆ. ವಿಚಿತ್ರವೆಂದರೆ ಅವಳಿಗೂ ಬರಿಯ ಗದ್ಯ ಸಾಲುವುದಿಲ್ಲ. ಗ್ರಂಥದ ಐದು ಭಾಗಗಳಲ್ಲಿ ಗದ್ಯದ ನಡುನಡುವೆ 39 ಪದ್ಯಗಳಿವೆ. ಬಹುಪಾಲು ಅವಳೇ ಹಾಡುವಂಥವು. ಸಾವಿನ ಎದುರು ಕುಳಿತ ಈ ಕ್ರೈಸ್ತ ತನ್ನ ಕೊನೆಯ ಪುಸ್ತಕದಲ್ಲಿ ಕ್ರಿಸ್ತನ ಹೆಸರನ್ನೇ ಎತ್ತಿಲ್ಲ ಎಂಬುದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಸಂತ್ರಸ್ತರ ಕೂಗು ಮಧ್ಯಯುಗದಲ್ಲಿ ಉಳಿದದ್ದು ಆರಾಧನೆಯ ಕ್ರಮದಲ್ಲಿ. ಪವಿತ್ರ ವಾರದ ಕೊನೆಯ ಮೂರು ದಿನಗಳ ‘ಟೆನೆಬ್ರೇ’ ಪ್ರಾರ್ಥನೆಯಲ್ಲಿ ತ್ರಿಕೋನದ ದೀಪಸ್ತಂಭದ ಮೇಲಿನ 15 ಮೇಣದ ಬತ್ತಿಗಳನ್ನು ಒಂದೊಂದಾಗಿ ಆರಿಸುತ್ತ ‘ಪ್ರಲಾಪಗಳು’ ಗ್ರಂಥವನ್ನು ಹಾಡುತ್ತಿದ್ದರು. ಲ್ಯಾಟಿನ್ ಅನುವಾದದಲ್ಲಿ ವರ್ಣಮಾಲೆಯ ಕ್ರಮ ಉಳಿಯುವಂತಿರಲಿಲ್ಲ. ಆದ್ದರಿಂದ ಪ್ರತಿ ವಚನದ ಮುಂದೆ ಹೀಬ್ರೂ ಅಕ್ಷರದ ಹೆಸರನ್ನೇ ಇಟ್ಟರು, ಅದನ್ನೂ ಹಾಡಿದರು. 16ನೆಯ ಶತಮಾನದ ಇಂಗ್ಲೆಂಡಿನ ಥಾಮಸ್ ಟ್ಯಾಲಿಸ್, 18ನೆಯ ಶತಮಾನದ ಆರಂಭದ ಫ್ರಾನ್ಸಿನ ಫ್ರಾಂಸ್ವಾ ಕೂಪರಾನ್ ಇವರಿಬ್ಬರ ರಚನೆಗಳಲ್ಲೂ ಆಲೆಫ್, ಬೇತ್, ಗಿಮೆಲ್ ಎಂಬ ಅಕ್ಷರಗಳ ಮೇಲೆ ದನಿ ದೀರ್ಘವಾಗಿ ಬಳುಕುತ್ತದೆ. ಅಕಾರ ಹಿಡಿದು ರಾಗ ಆಲಾಪಿಸುವುದನ್ನು ಬಲ್ಲ ಕಿವಿಗೆ ಇದು ಅಪರಿಚಿತವೆನಿಸದು. ಅರ್ಥವಿಲ್ಲದ ಒಂದು ಅಕ್ಷರ ಅಲ್ಲಿ ಅರ್ಥವಿರುವ ಸಾಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ.

ಸುಧಾರಣೆಯ ಕಾಲದಲ್ಲಿ ಮಾರ್ಟಿನ್ ಲೂಥರ್ ಸಂಗೀತಕ್ಕೆ ಧರ್ಮಶಾಸ್ತ್ರದ ಪಕ್ಕದ ಪೀಠ ಕೊಟ್ಟ. ಅವನ ಮೊದಮೊದಲ ಗೀತೆಗಳಲ್ಲೊಂದು 130ನೆಯ ಕೀರ್ತನೆಯ, ಅಂದರೆ ಆಳದಿಂದ ಕೂಗುವವನ ಕೀರ್ತನೆಯ, ಜರ್ಮನ್ ರೂಪ. 1542ರಲ್ಲಿ ಹದಿಮೂರು ವರ್ಷದ ಮಗಳು ಮಗ್ದಲೇನಾ ತೀರಿಕೊಂಡಾಗ ಅವನೂ ಎರಡು ಮನಸ್ಸಿನವನಾದ: ನಂಬಿಕೆ ನೆಮ್ಮದಿ ಹೇಳಿತು, ಒಡಲು ಕೇಳಲಿಲ್ಲ. ಇಷ್ಟಾದರೂ ಸಂಕಟದ ಗೀತೆಯಲ್ಲಿ ಲೂಥರನನ್ನು ಮೀರಿಸಿದವನು ಪೌಲ್ ಗೆರ್ಹಾರ್ಟ್. 1607ರಲ್ಲಿ ಗ್ರೇಫೆನ್‌ಹೈನಿಷೆನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಅವನ ಯೌವನವೆಲ್ಲ 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಕಳೆಯಿತು; ಹುಟ್ಟೂರನ್ನು 1637ರಲ್ಲಿ ಸ್ವೀಡಿಷ್ ಸೈನಿಕರು ಸುಟ್ಟರು. ಐದು ಮಕ್ಕಳಲ್ಲಿ ನಾಲ್ವರು ಸತ್ತರು, 1668ರಲ್ಲಿ ಹೆಂಡತಿಯೂ ಹೋದಳು. ಅದಕ್ಕೆ ಮೊದಲೇ, ಧರ್ಮವಿವಾದದಲ್ಲಿ ಅರಸನ ಆಜ್ಞೆಗೆ ರುಜು ಹಾಕಲೊಪ್ಪದೆ ಬರ್ಲಿನ್ನಿನ ಪಾದ್ರಿ ಹುದ್ದೆಯನ್ನೂ ಕಳೆದುಕೊಂಡಿದ್ದ. ಮುಳ್ಳಿನ ಕಿರೀಟ ಹೊತ್ತ ರಕ್ತಸಿಕ್ತ ಶಿರವನ್ನು ಕುರಿತು 1656ರಲ್ಲಿ ಪ್ರಕಟವಾದ ಅವನ ಗೀತೆಗೆ ಜೊತೆಯಾದ ಧಾಟಿ ಮೂಲದಲ್ಲಿ ಒಂದು ಪ್ರೇಮಗೀತೆಯದು. ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಅದನ್ನು ರಚಿಸಿದಾಗ ಹುಡುಗಿಯೊಬ್ಬಳ ಮೇಲಿನ ಮೋಹ ಅದರ ವಸ್ತು.

ಈ ಜರ್ಮನ್ ಗೀತಪರಂಪರೆ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಪಾದ್ರಿಗಳೊಡನೆ ಕನ್ನಡಕ್ಕೂ ಬಂತು. ಕರಾವಳಿಯ ಮತ್ತು ಉತ್ತರ ಕರ್ನಾಟಕದ ಪ್ರೊಟೆಸ್ಟಂಟ್ ಸಭೆಗಳು ಜರ್ಮನ್ ಧಾಟಿಗೆ ಕನ್ನಡ ಪದ ಕೂಡಿಸಿದ ಗೀತೆಗಳನ್ನು ಈಗಲೂ ಹಾಡುತ್ತವೆ. ನಿಘಂಟಿನಿಂದ ಹೆಸರಾದ ಫರ್ಡಿನೆಂಡ್ ಕಿಟ್ಟೆಲ್ ಬೇರೆ ದಾರಿ ಹಿಡಿದ. 1862ರ ‘ಕಥಾಮಾಲೆ’ಯಲ್ಲಿ ಅವನು ಯೇಸುವಿನ ಜೀವನವನ್ನು ಇಲ್ಲಿನ ಛಂದಸ್ಸಿಗೆ ಒಗ್ಗಿಸಿದ.

ಹಾಸ್ಲರನ ಧಾಟಿ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಕೈಗೆ ಬಂದಾಗ ಅದಕ್ಕೆ ಹೊಸ ಬಾಳು ಬಂತು. ಬಾಖ್ ಸಾವನ್ನು ಪುಸ್ತಕದಲ್ಲಿ ಓದಿ ತಿಳಿದವನಲ್ಲ. ಹತ್ತು ತುಂಬುವ ಮೊದಲೇ ತಾಯಿತಂದೆ ಇಬ್ಬರನ್ನೂ ಕಳೆದುಕೊಂಡ. 1720ರಲ್ಲಿ ರಾಜಕುಮಾರನ ಪರಿವಾರದೊಡನೆ ಕಾರ್ಲ್ಸ್‌ಬಾಡಿಗೆ ಹೋಗಿ ಹಿಂತಿರುಗುವಷ್ಟರಲ್ಲಿ ಹೆಂಡತಿ ಮರಿಯಾ ಬಾರ್ಬರಾಳ ಶವಸಂಸ್ಕಾರವೂ ಆಗಿಹೋಗಿತ್ತು. ಇಬ್ಬರು ಹೆಂಡಿರಲ್ಲಿ ಹುಟ್ಟಿದ 20 ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ಹತ್ತು ಮಂದಿ. ಆದರೆ ಇದನ್ನು ಅವನ ಸಂಗೀತಕ್ಕೆ ನೇರ ಕಾರಣವಾಗಿ ತೋರಿಸುವ ಜೀವನಚರಿತ್ರೆಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಆ ಕಾಲದಲ್ಲಿ ಇಂಥ ಸಾವುಗಳು ಮನೆಮನೆಯಲ್ಲೂ ಇದ್ದವು. ಎಲ್ಲ ಮನೆಯಲ್ಲೂ ಬಾಖ್ ಹುಟ್ಟಲಿಲ್ಲ.

ಯೇಸುವಿನ ಯಾತನೆ, ಮರಣಗಳ ಕಥೆಯನ್ನು ಹಾಡಿ ಹೇಳುವ ಬಾಖ್‌ನ ‘ಸಂತ ಮತ್ತಾಯನ ಪ್ಯಾಶನ್’ ಮೊದಲು ಕೇಳಿಬಂದದ್ದು 1727ರ ಶುಭ ಶುಕ್ರವಾರ, ಲೈಪ್‌ಜಿಗ್‌ನ ಸಂತ ಥಾಮಸ್ ಚರ್ಚಿನ ಸಂಜೆಯ ಆರಾಧನೆಯಲ್ಲಿ ಎಂದು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ. ಎರಡು ಗಾಯನವೃಂದ, ಎರಡು ವಾದ್ಯವೃಂದ, ಮೂರು ಗಂಟೆಯ ಆಸುಪಾಸಿನ ಸಂಗೀತ. ಎರಡು ಭಾಗಗಳ ನಡುವೆ ಪಾದ್ರಿಯ ಪ್ರಸಂಗ. ಕಡೆಯ ಊಟದ ಸನ್ನಿವೇಶದಲ್ಲಿ ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುತ್ತಾನೆಂದು ಯೇಸು ಹೇಳಿದಾಗ ಶಿಷ್ಯರು ನಾನೋ ನಾನೋ ಎಂದು ಗಾಬರಿಯಿಂದ ಕೇಳುತ್ತಾರೆ. ಗಾಯನದಲ್ಲಿ ಪ್ರಭುವೇ ಎಂಬ ಸಂಬೋಧನೆ ಹನ್ನೊಂದು ಸಲ ಬರುತ್ತದೆ. ಹನ್ನೆರಡನೆಯವನಾದ ಯೂದ ಆಗ ಸುಮ್ಮನಿದ್ದಾನೆ. ಅದರ ಹಿಂದೆಯೇ ಇಡೀ ಸಭೆಯ ಪರವಾಗಿ ಗೆರ್ಹಾರ್ಟನ ಇನ್ನೊಂದು ಗೀತೆ ಏಳುತ್ತದೆ, ತಪ್ಪಿತಸ್ಥ ನಾನೇ ಎನ್ನುತ್ತದೆ. ಸಂಕಟಕ್ಕೆ ಕಾರಣ ಯಾರು ಎಂಬ ಪ್ರಶ್ನೆಯನ್ನು ದೇವರತ್ತಲಿಂದ ಕೇಳುಗನತ್ತ ತಿರುಗಿಸುವ ಉಪಾಯವಿದು.

ಇಡೀ ಕೃತಿಯಲ್ಲಿ ಯೇಸುವಿನ ಮಾತು ಬಂದಾಗಲೆಲ್ಲ ಪಿಟೀಲು ವರ್ಗದ ವಾದ್ಯಗಳು ದೀರ್ಘಸ್ವರ ಹಿಡಿದು, ಚಿತ್ರಪಟದ ಪ್ರಭಾವಳಿಯಂತೆ, ಆ ದನಿಯನ್ನು ಸುತ್ತುವರಿಯುತ್ತವೆ. ಕೈಬಿಟ್ಟೆಯೇಕೆ ಎಂಬ ಕೊನೆಯ ಕೂಗಿನಲ್ಲಿ ಮಾತ್ರ ಅವು ಇಲ್ಲ. ಕೆಳಗಿನ ಆಧಾರವಾದ್ಯಗಳ ಮೇಲೆ ಕೂಗು ಒಂಟಿಯಾಗಿ ನಿಲ್ಲುತ್ತದೆ. ಕಥೆ ಹೇಳುವ ಸುವಾರ್ತಿಕ ಅದೇ ಧಾಟಿಯನ್ನು ಇನ್ನೊಂದು ಶ್ರುತಿಗೆ ಏರಿಸಿ, ಜರ್ಮನ್ನಿನಲ್ಲಿ ಅದರ ಅರ್ಥ ಹೇಳುತ್ತಾನೆ. ದೇವರಿಗೆ ನೋವು ತಟ್ಟದೆಂಬ ಸಿದ್ಧಾಂತ ಮುಚ್ಚಿಡಲು ಹೆಣಗಿದ್ದ ಸಾಲನ್ನು ಬಾಖ್ ವಾದವನ್ನೇ ಎತ್ತದೆ, ಕೆಲವು ವಾದ್ಯಗಳನ್ನು ನಿಲ್ಲಿಸಿ, ಬೆತ್ತಲೆ ಮಾಡಿದ. ಹಾಸ್ಲರನ ಧಾಟಿ ಕೃತಿಯುದ್ದಕ್ಕೂ ಐದು ಸಲ ಬರುತ್ತದೆ. ಬರಹದಲ್ಲಿ ಅದರ ಶ್ರುತಿಚಿಹ್ನೆಗಳು ಮೊದಲ ಸಲ ನಾಲ್ಕು, ಆಮೇಲೆ ಮೂರು, ಎರಡು, ಒಂದು. ಯೇಸು ಪ್ರಾಣಬಿಟ್ಟ ಮರುಗಳಿಗೆಯಲ್ಲಿ, ತನ್ನ ಸಾವಿನ ಹೊತ್ತಿಗೆ ಜೊತೆಗಿರು ಎಂದು ಬೇಡುವ ಐದನೆಯ ಸಲ, ಒಂದೂ ಇಲ್ಲ. ಕೃತಿ ಮುಗಿಯುವುದು ಸಮಾಧಿಯ ಬಳಿ. ಪುನರುತ್ಥಾನದ ಸುಳಿವನ್ನೂ ಕೊಡದೆ, ಕೊನೆಯ ಸ್ವರಮೇಳದಲ್ಲೂ ಒಂದು ಕ್ಷಣ ಅಪಸ್ವರ ಹಿಡಿದು ನಂತರ ಬಿಡುತ್ತದೆ. ಅದನ್ನು ಆಲಿಸಿದ ಸಭೆಗೆ ಈಸ್ಟರ್ ಮೂರನೆಯ ದಿನ ಬರುತ್ತದೆಂದು ಗೊತ್ತಿತ್ತು. ಶುಕ್ರವಾರದ ಪಾಲನ್ನು ಶುಕ್ರವಾರವೇ ಉಣ್ಣಬೇಕೆಂಬುದು ಆರಾಧನಾ ಕ್ರಮದ ವಿವೇಕ.

ಈ ಪರಂಪರೆಗೆ ಒಂದು ಕಳಂಕವೂ ಇದೆ. ಯೋಹಾನನ ಸುವಾರ್ತೆಯನ್ನು ಆಧರಿಸಿದ 1724ರ ಬಾಖ್‌ನ ಪ್ಯಾಶನ್‌ನಲ್ಲಿ ಶಿಲುಬೆಗೇರಿಸಲು ಕೂಗುವ ಗುಂಪು ಯೆಹೂದ್ಯರೆಂಬ ಹೆಸರಿನಲ್ಲೇ ಬರುತ್ತದೆ. ಯೂರೋಪಿನಲ್ಲಿ ಪವಿತ್ರ ವಾರ ಯೆಹೂದ್ಯರ ಮೇಲೆ ಹಲ್ಲೆ ನಡೆಯುವ ಕಾಲವೂ ಆಗಿತ್ತು. ದೇವರ ಸಂಕಟಕ್ಕೆ ಅಳುತ್ತ ನೆರೆಮನೆಯವನಿಗೆ ಸಂಕಟ ಕೊಡಬಹುದೆಂಬುದನ್ನು ಈ ಇತಿಹಾಸ ಮರೆಯಗೊಡುವುದಿಲ್ಲ. ಮತ್ತಾಯನ ಪ್ಯಾಶನ್ ಅನ್ನು 1829ರಲ್ಲಿ ಬರ್ಲಿನ್ನಿನಲ್ಲಿ ಮತ್ತೆ ಬೆಳಕಿಗೆ ತಂದ ಫೆಲಿಕ್ಸ್ ಮೆಂಡೆಲ್ಸೋನ್ ಯೆಹೂದ್ಯ ತತ್ತ್ವಜ್ಞ ಮೋಸೆಸ್ ಮೆಂಡೆಲ್ಸೋನನ ಮೊಮ್ಮಗ.

ಬಾಖ್ ದುಡಿದ ಅದೇ ಲೈಪ್‌ಜಿಗ್‌ನಲ್ಲಿ 1646ರಲ್ಲಿ ಹುಟ್ಟಿದವನು ಲೈಬ್ನಿಟ್ಸ್. ದೇವರ ನ್ಯಾಯದ ಸಮರ್ಥನೆಗೆ ‘ಥಿಯೋಡಿಸಿ’ ಎಂಬ ಹೆಸರು ಕೊಟ್ಟವನು, 1710ರಲ್ಲಿ ಅದೇ ಶೀರ್ಷಿಕೆಯ ಗ್ರಂಥ ಬರೆದವನು. ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮ, ಇಲ್ಲಿನ ಕೇಡು ಒಟ್ಟು ಒಳಿತಿಗೆ ಬೇಕಾದ ಅಂಶ ಎಂಬುದು ಅವನ ವಾದದ ತಿರುಳು. 1697ರ ಪ್ರಬಂಧವೊಂದರಲ್ಲಿ ಅವನು ಸಂಗೀತವನ್ನೇ ಸಾಕ್ಷಿಗೆ ಕರೆದಿದ್ದ: ಶ್ರೇಷ್ಠ ವಾಗ್ಗೇಯಕಾರರು ಅಪಸ್ವರವನ್ನು ಬೇಕೆಂದೇ ಬೆರೆಸುತ್ತಾರೆ, ಅದು ಸುಸ್ವರಕ್ಕೆ ತಿರುಗಿದಾಗ ಕೇಳುಗನ ಸುಖ ಹೆಚ್ಚುತ್ತದೆ. ಹೋಲಿಕೆ ಜಾಣತನದ್ದು, ಆದರೆ ಅದು ಸಭಾಂಗಣದಲ್ಲಿ ಕುಳಿತವನ ಹೋಲಿಕೆ. ಅಪಸ್ವರವಾಗಿಯೇ ಬಾಳಬೇಕಾದವನು ಇಡೀ ರಚನೆಯನ್ನು ಕೇಳಲಾರ. ಲೈಬ್ನಿಟ್ಸ್‌ನ ತರ್ಕದ ಬಿಗಿ ಇಂದಿಗೂ ಮೆಚ್ಚುವಂಥದ್ದೇ. ಸೋತದ್ದು ಅದು ನಿಂತ ನೆಲೆ.

1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ ಲಿಸ್ಬನ್ ನಗರದ ಚರ್ಚುಗಳು ಕಿಕ್ಕಿರಿದಿದ್ದಾಗ ಭೂಮಿ ನಡುಗಿತು. ಹಿಂದೆಯೇ ಸಮುದ್ರ ನುಗ್ಗಿತು, ಮೇಣದ ಬತ್ತಿಗಳಿಂದಲೂ ಒಲೆಗಳಿಂದಲೂ ಬೆಂಕಿ ಹಬ್ಬಿತು. ಹತ್ತಾರು ಸಾವಿರ ಜನ ಸತ್ತರು. ಮರುವರ್ಷವೇ ವೋಲ್ಟೇರ್ ಈ ದುರಂತದ ಮೇಲೆ ಕವಿತೆ ಪ್ರಕಟಿಸಿ ಎಲ್ಲವೂ ಒಳಿತಿಗೇ ಎನ್ನುವವರನ್ನು ಪ್ರಶ್ನಿಸಿದ. 1759ರ ‘ಕಾಂದೀದ್’ ಕಥೆಯಲ್ಲಿ ಅವರನ್ನು ನಗೆಪಾಟಲು ಮಾಡಿದ. ರೂಸೊ ಅವನಿಗೆ ಪತ್ರ ಬರೆದು, ಆರೇಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ದೇವರಲ್ಲ, ಮನುಷ್ಯರು ಎಂದು ನೆನಪಿಸಿದ. ಜೆಸ್ವಿಟ್ ಪಾದ್ರಿ ಮಲಗ್ರೀದಾ ಇದು ಪಾಪಕ್ಕೆ ಶಿಕ್ಷೆ, ಪರಿಹಾರಕಾರ್ಯಕ್ಕಿಂತ ಪಶ್ಚಾತ್ತಾಪ ಮುಖ್ಯ ಎಂದು ಸಾರಿ ಮಂತ್ರಿ ಪೊಂಬಾಲನ ಕಣ್ಣಿಗೆ ಬಿದ್ದ. 1761ರಲ್ಲಿ ಅವನನ್ನು ಕೊಲ್ಲಲಾಯಿತು. ಮೂವರಲ್ಲಿ ಊರು ಕಟ್ಟುವವರಿಗೆ ಉಪಯೋಗಕ್ಕೆ ಬರುವ ಮಾತು ರೂಸೊವಿನದು. 1791ರಲ್ಲಿ ಇಮ್ಮಾನ್ಯುಯೆಲ್ ಕಾಂಟ್ ಈ ಬಗೆಯ ಎಲ್ಲ ತಾತ್ತ್ವಿಕ ಸಮರ್ಥನೆಗಳೂ ಸೋತಿವೆ ಎಂದು ಬರೆದು, ಯೋಬನ ಗ್ರಂಥಕ್ಕೆ ಮರಳಿದ. ಗೆಳೆಯರು ದೇವರನ್ನು ಮೆಚ್ಚಿಸಲು ಮಾತಾಡಿದರು, ಯೋಬ ತನಗನಿಸಿದ್ದನ್ನು ಆಡಿದ. ಆ ಪ್ರಾಮಾಣಿಕತೆಯೇ ಅವನ ಧರ್ಮ. ತರ್ಕದ ಮೇರು ಎನಿಸಿದವನೇ ತರ್ಕ ಇಲ್ಲಿ ನಿಲ್ಲಬೇಕೆಂದು ಗೆರೆ ಎಳೆದದ್ದು ಈ ಇತಿಹಾಸದ ಒಂದು ತಿರುವು.

ಅದೇ ಹೊತ್ತಿಗೆ ಅಟ್ಲಾಂಟಿಕ್‌ನ ಆಚೆ ಬೇರೆಯೇ ಉತ್ತರ ರೂಪುಗೊಳ್ಳುತ್ತಿತ್ತು. ಅಮೆರಿಕದ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದ ಆಫ್ರಿಕನ್ನರು, ಒಡೆಯರು ತಮ್ಮನ್ನು ಬಗ್ಗಿಸಲೆಂದು ಕೊಟ್ಟ ಧರ್ಮದಿಂದಲೇ ಮೋಶೆ, ದಾನಿಯೇಲ, ಶಿಲುಬೆಯ ಯೇಸು ಇವರನ್ನು ಆರಿಸಿಕೊಂಡು ‘ಸ್ಪಿರಿಚುವಲ್’ ಎಂಬ ಹಾಡುಗಳನ್ನು ಕಟ್ಟಿದರು. ಗುಲಾಮಗಿರಿಯಿಂದ ಓಡಿಬಂದ ಫ್ರೆಡರಿಕ್ ಡಗ್ಲಸ್ 1845ರ ಆತ್ಮಕಥೆಯಲ್ಲಿ, ಹಾಡುವುದನ್ನು ಕಂಡು ಗುಲಾಮರು ಸುಖಿಗಳೆಂದುಕೊಂಡವರನ್ನು ಕಟುವಾಗಿ ತಿದ್ದುತ್ತಾನೆ. ಅತ್ಯಂತ ದುಃಖದಲ್ಲಿದ್ದಾಗಲೇ ಅವರು ಹೆಚ್ಚು ಹಾಡುತ್ತಿದ್ದರು. 1871ರಿಂದ ನ್ಯಾಶ್‌ವಿಲ್‌ನ ಫಿಸ್ಕ್ ವಿದ್ಯಾಲಯದ ಗಾಯಕರು ಈ ಹಾಡುಗಳನ್ನು ಊರೂರಿಗೆ ಒಯ್ದು ಶಾಲೆಗೆ ಹಣ ಕೂಡಿಸಿದರು. ಕರಿಯ ಅಮೆರಿಕನ್ ಚಿಂತಕ ಡು ಬೋಯಿಸ್ 1903ರ ತನ್ನ ಪುಸ್ತಕದ ಕೊನೆಯ ಅಧ್ಯಾಯವನ್ನು ಇವಕ್ಕೇ ಮೀಸಲಿಟ್ಟ. ಧರ್ಮವನ್ನು ಅಫೀಮಿಗೆ ಹೋಲಿಸಿದ 1844ರ ಬರಹದಲ್ಲೇ ಕಾರ್ಲ್ ಮಾರ್ಕ್ಸ್, ಅದಕ್ಕೆ ಮೊದಲ ಸಾಲುಗಳಲ್ಲಿ, ಧಾರ್ಮಿಕ ದುಃಖ ನಿಜವಾದ ದುಃಖದ ಅಭಿವ್ಯಕ್ತಿಯೂ ಹೌದು, ಅದರ ವಿರುದ್ಧದ ಪ್ರತಿಭಟನೆಯೂ ಹೌದು ಎಂದಿದ್ದ. ಅಫೀಮಿನ ಮಾತು ಊರೆಲ್ಲ ಹಬ್ಬಿತು, ಇದು ಹಬ್ಬಲಿಲ್ಲ. ಗುಲಾಮರ ಹಾಡುಗಳಿಗೆ ಎರಡೂ ಸಲ್ಲುತ್ತವೆ.

ಇದೇ ಪರಂಪರೆಯ ಥಾಮಸ್ ಡಾರ್ಸಿ ಮೊದಲು ಬ್ಲೂಸ್ ಪಿಯಾನೋ ವಾದಕ. 1932ರಲ್ಲಿ ಸೇಂಟ್ ಲೂಯಿಸ್‌ನ ಧಾರ್ಮಿಕ ಸಭೆಯಲ್ಲಿ ಹಾಡುತ್ತಿದ್ದಾಗ, ಚಿಕಾಗೋದಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಸುದ್ದಿ ಬಂತು, ಮಗುವೂ ಉಳಿಯಲಿಲ್ಲ. ದೇವರ ಮೇಲೆ ಮುನಿದು ಭಕ್ತಿಗೀತೆಯನ್ನೇ ಬಿಡಬೇಕೆಂದುಕೊಂಡವನು ಕೆಲ ದಿನಗಳಲ್ಲಿ, ಹಳೆಯ ಧಾಟಿಯೊಂದನ್ನು ಆಧರಿಸಿ, ಕೈಹಿಡಿದು ನಡೆಸೆಂದು ಕೇಳುವ ಗೀತೆ ಬರೆದ. 1968ರ ಏಪ್ರಿಲ್ 4ರ ಸಂಜೆ ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟು ತಿನ್ನುವ ತುಸು ಮೊದಲು, ಆ ರಾತ್ರಿಯ ಸಭೆಯಲ್ಲಿ ಇದನ್ನೇ ನುಡಿಸಬೇಕೆಂದು ವಾದಕನೊಬ್ಬನಿಗೆ ಹೇಳಿದ್ದರು. ಅವರ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಜಾಕ್ಸನ್ ಅದನ್ನು ಹಾಡಿದರು.

20ನೆಯ ಶತಮಾನದಲ್ಲಿ ತತ್ತ್ವ, ನಂಬಿಕೆ, ಸಂಗೀತ ಮೂರೂ ಒಂದೇ ಬಾಳಿನಲ್ಲಿ ಕೂಡಿದ್ದು ಸಿಮೋನ್ ವೇಯ್‌ಳಲ್ಲಿ. 1909ರಲ್ಲಿ ಪ್ಯಾರಿಸ್ಸಿನ ಯೆಹೂದ್ಯ ಮನೆತನದಲ್ಲಿ ಹುಟ್ಟಿದ ಈ ತತ್ತ್ವಶಾಸ್ತ್ರ ಅಧ್ಯಾಪಕಿ 1934-35ರಲ್ಲಿ ಕಾರ್ಖಾನೆಯ ಕೂಲಿಯಾಗಿ ದುಡಿದಳು. ಅಲ್ಲಿ ಜರ್ಜರಿತಳಾಗಿ ಪೋರ್ಚುಗಲ್ಲಿನ ಮೀನುಗಾರರ ಹಳ್ಳಿಗೆ ಹೋದಾಗ, ಬೆಸ್ತರ ಹೆಂಗಸರು ಬತ್ತಿ ಹಿಡಿದು ಹಳೆಯ ಶೋಕಗೀತೆ ಹಾಡುತ್ತ ದೋಣಿಗಳನ್ನು ಸುತ್ತುವುದನ್ನು ಕಂಡಳು. ಕ್ರೈಸ್ತ ಧರ್ಮ ಗುಲಾಮರ ಧರ್ಮ, ತಾನೂ ಅವರಲ್ಲೊಬ್ಬಳು ಎಂದು ಆಗ ಅವಳಿಗೆ ಹೊಳೆಯಿತು. 1938ರ ಪವಿತ್ರ ವಾರದಲ್ಲಿ ಸೊಲೆಮ್ ಮಠದ ಗ್ರೆಗೋರಿಯನ್ ಗಾಯನ ಕೇಳಲು ಕುಳಿತಾಗ ತಲೆಶೂಲೆ ಎಷ್ಟಿತ್ತೆಂದರೆ ಒಂದೊಂದು ಸ್ವರವೂ ಏಟು ಬಿದ್ದಂತೆ. ಗಮನವನ್ನೆಲ್ಲ ಗಾಯನದಲ್ಲಿಟ್ಟು, ನೋಯುವ ದೇಹವನ್ನು ಅದರ ಪಾಡಿಗೆ ಬಿಟ್ಟು, ಆ ನಾದದಲ್ಲಿ ಸಂತೋಷ ಕಂಡದ್ದನ್ನು ಆಮೇಲೆ ಪತ್ರವೊಂದರಲ್ಲಿ ದಾಖಲಿಸಿದಳು. ಬರಿಯ ನೋವು ಬೇರೆ, ದೇಹ, ಮನಸ್ಸು, ಸಮಾಜದಲ್ಲಿನ ಸ್ಥಾನ ಮೂರನ್ನೂ ಒಟ್ಟಿಗೆ ಕಿತ್ತುಹಾಕುವ ದುರ್ಗತಿ ಬೇರೆ ಎಂಬ ಅವಳ ವಿಂಗಡಣೆ ಈ ವಿಷಯದಲ್ಲಿ ಆ ಶತಮಾನ ಕೊಟ್ಟ ಗಟ್ಟಿ ವಿಚಾರಗಳಲ್ಲೊಂದು.

ಒಲಿವಿಯೆ ಮೆಸ್ಸಿಯಾನ್‌ನ ‘ಕಾಲದ ಅಂತ್ಯಕ್ಕಾಗಿ ಚತುರ್ವಾದ್ಯ’ ಮೊದಲು ನುಡಿದದ್ದು 1941ರ ಜನವರಿ 15ರಂದು, ಗೋರ್ಲಿಟ್ಸ್‌ನ ಜರ್ಮನ್ ಯುದ್ಧಕೈದಿಗಳ ಶಿಬಿರದಲ್ಲಿ. ಪಿಯಾನೋ, ಪಿಟೀಲು, ಚೆಲ್ಲೊ, ಕ್ಲಾರಿನೆಟ್ ಎಂಬ ವಿಚಿತ್ರ ಜೋಡಣೆಗೆ ಕಾರಣ, ಕೈದಿಗಳಲ್ಲಿ ಸಿಕ್ಕ ವಾದಕರು ಅವರೇ. ಐದು ಸಾವಿರ ಕೈದಿಗಳು ಕೇಳಿದರು, ಚೆಲ್ಲೊಗೆ ಮೂರೇ ತಂತಿ ಇತ್ತು ಎಂದು ಮೆಸ್ಸಿಯಾನ್ ಆಮೇಲೆ ಹೇಳುತ್ತಿದ್ದ. ನಾಲ್ಕು ತಂತಿ ಇತ್ತೆಂದು ಚೆಲ್ಲೊ ನುಡಿಸಿದ ಪಾಸ್ಕಿಯೆಯೇ ತಿದ್ದಿದ. ಕೇಳಿದವರು ಕೆಲವು ನೂರು ಮಂದಿ ಇದ್ದಿರಬೇಕು. ಉತ್ಪ್ರೇಕ್ಷೆ ಇಲ್ಲದೆಯೂ ಆ ಸಂಜೆ ದೊಡ್ಡದೇ. ಎಂಟು ಭಾಗಗಳ ಈ ಕೃತಿಯಲ್ಲಿ ಸೆರೆಮನೆಯ ವರ್ಣನೆಯಾಗಲಿ ದೂರಾಗಲಿ ಇಲ್ಲ. ಹಕ್ಕಿಗಳ ಕೂಗಿದೆ, ಪ್ರಕಟನೆಯ ಗ್ರಂಥದ ದೇವದೂತನಿದ್ದಾನೆ, ಲಯದ ಲೆಕ್ಕವನ್ನೇ ಮರೆಸುವಷ್ಟು ವಿಳಂಬದ ಎರಡು ಸ್ತುತಿಗಳಿವೆ. ಪ್ರಲಾಪದ ಪರಂಪರೆಗೆ ಇದು ಸೇರದು. ಸಂಕಟವನ್ನು ಹೆಸರಿಸದೆಯೇ ಅದರ ನಡುವೆ ಬೇರೊಂದು ಕಾಲವನ್ನು ಕಟ್ಟುವ ಬಗೆ ಇದು.

ಯುದ್ಧಾನಂತರದ ಧರ್ಮಶಾಸ್ತ್ರ ಶಿಲುಬೆಯ ಕೂಗನ್ನು ಕೊನೆಗೂ ನೇರವಾಗಿ ಎದುರಿಸಿತು. 1943ರ ಹ್ಯಾಂಬರ್ಗ್ ಬಾಂಬು ದಾಳಿಯಲ್ಲಿ ಪಕ್ಕದಲ್ಲಿದ್ದ ಗೆಳೆಯ ಸತ್ತುಬಿದ್ದುದನ್ನು ಕಂಡ ಹುಡುಗ ಯೂರ್ಗನ್ ಮೋಲ್ಟ್‌ಮನ್ ಸ್ಕಾಟ್ಲೆಂಡಿನ ಕೈದಿಶಿಬಿರದಲ್ಲಿ ಪ್ರಲಾಪದ ಕೀರ್ತನೆಗಳನ್ನೂ ಮಾರ್ಕನ ಸುವಾರ್ತೆಯನ್ನೂ ಓದಿದ. 1972ರ ‘ಶಿಲುಬೆಗೇರಿದ ದೇವರು’ ಗ್ರಂಥದಲ್ಲಿ, ನೋಯಲಾರದ ದೇವರು ಪ್ರೀತಿಸಲೂ ಆರ ಎಂದು ವಾದಿಸಿದ. ಮರುವರ್ಷವೇ ಡೊರೊಥೆ ಸೊಲ್ಲೆ ತನ್ನ ‘ಸಂಕಟ’ ಪುಸ್ತಕದಲ್ಲಿ, ಮಗನನ್ನು ಸಾವಿಗೊಪ್ಪಿಸುವ ತಂದೆಯ ಚಿತ್ರ ಹಿಂಸಕನದ್ದಾಗುವುದಿಲ್ಲವೇ ಎಂದು ಅವನನ್ನು ತರಾಟೆಗೆ ತೆಗೆದುಕೊಂಡಳು. ಅವಳ ಪ್ರಕಾರ ಸಂಕಟಕ್ಕೆ ಮೂರು ಹಂತ. ಮೊದಲನೆಯದು ಮಾತು ಸತ್ತ ಮೂಕ ನೋವು. ಎರಡನೆಯದು ಅದಕ್ಕೆ ಭಾಷೆ ಸಿಗುವ ಪ್ರಲಾಪ. ಮೂರನೆಯದು ಸಂಕಟದ ಕಾರಣಗಳನ್ನು ಬದಲಿಸಲು ಜನ ಒಟ್ಟಾಗುವುದು. ಎರಡನೆಯದನ್ನು ದಾಟದೆ ಮೂರನೆಯದಕ್ಕೆ ಹೋಗಲಾಗದು. ಹಾಡುವ ಸಂಪ್ರದಾಯದ ಕೆಲಸ ಈ ಎರಡನೆಯ ಹಂತದಲ್ಲಿದೆ. 1986ರಲ್ಲಿ ಬೈಬಲ್ ವಿದ್ವಾಂಸ ವಾಲ್ಟರ್ ಬ್ರೂಗಮನ್ ತನ್ನ ಪ್ರಬಂಧವೊಂದರಲ್ಲಿ, ಚರ್ಚಿನ ಆರಾಧನೆಯಿಂದ ಪ್ರಲಾಪ ಮರೆಯಾಗಿರುವುದಕ್ಕೆ ತೆರಬೇಕಾದ ಬೆಲೆಯನ್ನು ಲೆಕ್ಕ ಹಾಕಿದ: ದೂರು ಹೇಳಲು ಬಾಯಿಲ್ಲದ ಭಕ್ತನಿಗೆ ದೇವರೊಡನೆ ನಿಜವಾದ ಸಂಬಂಧವಿರುವುದಿಲ್ಲ, ನ್ಯಾಯದ ಪ್ರಶ್ನೆಯನ್ನು ಕೇಳುವ ರೂಢಿಯೂ ತಪ್ಪಿಹೋಗುತ್ತದೆ. ಸ್ತುತಿಗೀತೆಗಳೇ ತುಂಬಿಕೊಂಡಿರುವ ಇಂದಿನ ಎಷ್ಟೋ ಸಭೆಗಳಲ್ಲಿ 88ನೆಯ ಕೀರ್ತನೆಗೆ ಧಾಟಿ ಕೂಡಿಸಿದವರು ವಿರಳ.